ಮುರಿಯುವ ಮೊದಲೇ ಕೇಳಿದ ಸದ್ದು

ಶಕುನ, ಮುನ್ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಓದಿದ್ದು ಆರನೇ ಕ್ಲಾಸು ಮಾತ್ರ, ಆದರೂ ಕಣ್ಣಿಗೆ ಕಾಣದ್ದನ್ನು ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ ಒಬ್ಬ ಡಾಕ್ಟರಮ್ಮ ಸಂಶೋಧನೆಗೆಂದು ಮಲಯಾಳ ಸೀಮೆಯ ಗಡಿಯಲ್ಲಿರುವ ನಮ್ಮೂರು ಪೊನ್ಕುಳಿ ಕಡೆಗೆ ಬಂದರು. ವರ್ಷಗಟ್ಟಲೆ ಹೊಟ್ಟೆ ಕೆಟ್ಟಿರುವವರಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ, ಬರಬರುತ್ತ ಮೂಳೆ ಟೊಳ್ಳಾಗುತ್ತದೆ ಎನ್ನುತ್ತಿದ್ದರು. ಮನೆಮನೆಗೆ ಹೋಗಿ ವಿಚಾರಿಸಬೇಕು. ಹೊಟ್ಟೆ ತೊಂದರೆ ಇದೆ ಎಂದವರನ್ನು ಮೂಳೆ ಪರೀಕ್ಷೆಗೆ ಕರೆದೊಯ್ಯಬೇಕು. ಅವರದು ಮಲಯಾಳ, ಕನ್ನಡ ಬಾರದು. ನಮ್ಮ ವಯಸ್ಸಾದ ಹೆಂಗಸರು ಇಂಥ ಸಂಗತಿಯನ್ನು ಮಲಯಾಳದಲ್ಲಿ ಬಿಡಿಸಿ ಹೇಳಲಾರರು. ಎರಡೂ ಬಲ್ಲವನೆಂದು ನನ್ನನ್ನು ಜೊತೆಗೆ ಕರೆದುಕೊಂಡರು. ಶುಂಠಿ ಹೊಲದ ಕೆಲಸ ಬೆಳಗ್ಗೆಯೇ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತಿದ್ದೆ. ಅಷ್ಟು ಓದಿದವರು ನನ್ನ ಮಾತನ್ನು ಬರೆದುಕೊಳ್ಳುವುದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ನಮ್ಮ ಅಣ್ಣನ ಮನೆಗೆ ಹೋದೆವು. ಅಣ್ಣ ತೀರಿಕೊಂಡಿದ್ದ. ಅತ್ತಿಗೆ ನನ್ನನ್ನು ಎಂಟು ವರ್ಷದವನಿದ್ದಾಗಿನಿಂದ ಸಾಕಿದವರು. ಅಂಗಳದಲ್ಲಿ ಅಕ್ಕಪಕ್ಕದ ಗಂಡಸರೂ ಬಂದು ಕುಳಿತಿದ್ದರು.

“ಮೊದ್ಲು ನಿನ್ ಹೊಟ್ಟೆ ನೋಡಕ್ಕೆ ಹೇಳು ಮಗ ಡಾಕ್ಟ್ರಮ್ಮಂಗೆ. ಅಷ್ಟು ಅನ್ನ ಎಲ್ಲಿಗೋಯ್ತದೆ ಅಂತ ನಂಗೂ ಗೊತ್ತಾಗ್ಲಿ” ಎಂದು ನನ್ನನ್ನೇ ತೋರಿಸಿ ಅತ್ತಿಗೆ ಎಲ್ಲರನ್ನೂ ನಗಿಸಿದರು.

ದಿನಕ್ಕೆ ಎಷ್ಟು ಸಲ ಹೊರಗೆ ಹೋಗುತ್ತಾರೆ, ಹೇಗಿರುತ್ತದೆ ಎಂದು ಕೇಳಬೇಕಿತ್ತು. ಬೇರೆ ಮನೆಗಳಲ್ಲಿ ಹೇಗೋ ಕೇಳಿದ್ದೆ. ಅತ್ತಿಗೆಯ ಎದುರು ಇಂಥ ಮಾತು ತೆಗೆಯುವ ರೂಢಿ ನಮ್ಮಲ್ಲಿಲ್ಲ. “ಹೊಟ್ಟೆ ಸರಿಯಾಗಿ ಅದಾ ಅತ್ಗೆ?” ಎಂದು ನೆಲ ನೋಡುತ್ತ ಕೇಳಿದೆ. ಅವರು ಸೆರಗು ಬಾಯಿಗೆ ಹಿಡಿದು, “ಎಲ್ ಸರಿ, ಹತ್ ವರ್ಷ ಆಯ್ತು” ಎಂದರು. ಮುಂದೆ ಕೇಳಿದ್ದರೆ ಅಷ್ಟು ಜನರೆದುರು ಇನ್ನಷ್ಟು ಹೇಳಬೇಕಾಗುತ್ತಿತ್ತು. ನಾನು ಡಾಕ್ಟರ್ ಕಡೆ ತಿರುಗಿ, ಅತ್ತಿಗೆಗೆ ಯಾವ ತೊಂದರೆಯೂ ಇಲ್ಲ ಎಂದು ಮಲಯಾಳದಲ್ಲಿ ಹೇಳಿಬಿಟ್ಟೆ.

ಆಗ ಲಟ್ಟನೆ ಒಂದು ಸದ್ದಾಯಿತು. ಸೌದೆಯನ್ನು ಮೊಣಕಾಲಿಗೆ ಒತ್ತಿ ಮುರಿದಂತೆ. ತಿರುಗಿ ನೋಡಿದೆ. ಅಂಗಳದ ಮೂಲೆಯ ಸೌದೆಯ ರಾಶಿ ಅಲುಗಿರಲಿಲ್ಲ. ಡಾಕ್ಟರ್ ತಲೆ ಎತ್ತದೆ ಬರೆಯುತ್ತಿದ್ದರು, ಗಂಡಸರು ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಅತ್ತಿಗೆಯ ಹೆಸರು ಪರೀಕ್ಷೆಯ ಪಟ್ಟಿಗೆ ಸೇರಲಿಲ್ಲ.

ಮೂರು ವಾರ ಕಳೆದಿತ್ತು. ಬೆಳಗ್ಗೆ ನಾನು ಹೋದಾಗ ಅತ್ತಿಗೆ ಅಂಗಳದಲ್ಲಿ ಮೆಣಸು ಆರಿಸುತ್ತಿದ್ದರು. ನನಗೆ ಕಾಫಿ ತರಲು ಎದ್ದರು. ಲಟ್ ಎಂದಿತು. ಬಿದ್ದು ಮುರಿದದ್ದಲ್ಲ, ಮುರಿದ ಮೇಲೆ ಬಿದ್ದರು. ಅವರು ನೆಲಕ್ಕೆ ತಾಗುವ ಮೊದಲೇ ನನಗೆ ಗೊತ್ತಾಗಿತ್ತು, ಅಂದು ನಾನು ಕೇಳಿದ್ದು ಏನೆಂದು.

ಸೊಂಟದ ಮೂಳೆ. ಡಾಕ್ಟರಮ್ಮ ಆಸ್ಪತ್ರೆಗೆ ಬಂದು ಎಕ್ಸ್‌ರೇ ನೋಡಿದರು. “ಚೇಟ್ಟಾ” ಎಂದು, ಅಣ್ಣನನ್ನು ಕರೆಯುವ ಹಾಗೆ ಕರೆದು, “ಇವರಿಗೆ ಹೊಟ್ಟೆ ತೊಂದರೆ ಇಲ್ಲ ಅಂದಿದ್ದಿರಲ್ಲ?” ಎಂದು ಕೇಳಿದರು. ನಾನು ಒಪ್ಪಿಕೊಂಡೆ. ಜೀವಮಾನದಲ್ಲಿ ಯಾರೆದುರೂ ಹಾಗೆ ತಲೆ ತಗ್ಗಿಸಿರಲಿಲ್ಲ. ಸದ್ದಿನ ವಿಷಯವನ್ನೂ ಹೇಳಿದೆ. ಅವರು ಎಲ್ಲರ ಒಪ್ಪಿಗೆ ಪಡೆದು ಅಂದಿನ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಕೇಳಿಸಿದರು. ಅತ್ತಿಗೆಯ ತಮಾಷೆ ಇತ್ತು, ಕೋಳಿಯ ಕೂಗು ಇತ್ತು, ನನ್ನ ಸುಳ್ಳೂ ಇತ್ತು. ಸದ್ದು ಮಾತ್ರ ಇರಲಿಲ್ಲ. ಮೂರು ಸಲ ಹಾಕಿಸಿ ಕೇಳಿದೆ. ತಪ್ಪು ಮಾಡಿದ ಮನಸ್ಸು ಆಮೇಲೆ ಹೀಗೆಲ್ಲ ಕಟ್ಟಿಕೊಳ್ಳುತ್ತದೆ ಎಂದರು. ಇರಬಹುದು ಎಂದುಕೊಂಡೆ.

ಅತ್ತಿಗೆ ಮತ್ತೆ ನಡೆಯಲಿಲ್ಲ. ಏಳು ತಿಂಗಳು ಹಾಸಿಗೆಯಲ್ಲಿದ್ದು ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಒಂದು ಸಂಜೆ ಗಂಜಿ ಕುಡಿಸುತ್ತ, ನಾನು ಮಾಡಿದ್ದನ್ನು ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವರೇ ತಡೆದರು.

“ನೀನ್ ಏನಂದೆ ಅಂತ ಅವತ್ತೇ ಗೊತ್ತಾಯ್ತು ಬುಡು. ಮೀನಂಗಡಿ ಪೇಟೇಲಿ ಮಲಯಾಳದೋರಿಗೆ ಅಷ್ಟ್ ವರ್ಷ ಮೆಣಸು ಮಾರಿವ್ನಿ, ಅಷ್ಟು ಮಲಯಾಳ ತಿಳಿಯಲ್ವಾ? ನಾಕ್ ಜನದ ಮುಂದೆ ನಿನ್ ಮಾತ್ ಸುಳ್ ಮಾಡಕ್ಕೆ ಮನ್ಸ್ ಬರ್ಲಿಲ್ಲ.”

ಇನ್ನೆರಡು ಚಮಚ ಕುಡಿದು, ನನ್ನ ಮುಖ ನೋಡಿ ಕೇಳಿದರು: “ಅದೇನ್ ಮಗ ಅವತ್ತು ನೀನ್ ಹಂಗಂದಾಗ ಮುರಿದದ್ದು? ನಿನ್ ಕಡೆಯಿಂದ್ಲೇ ಕೇಳ್ತು. ನಿಂಗೇನೋ ಆಗೋಯ್ತು ಅಂತ ಹೆದರ್ಕಂಡಿದ್ದೆ.”

ಆ ಸದ್ದಿನ ಸುದ್ದಿಯನ್ನು ನಾನು ಡಾಕ್ಟರಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಫೋನಿಗೆ ಸಿಕ್ಕದ ಸದ್ದು ಅವರಿಗೂ ಕೇಳಿತ್ತು. ಚಮಚಕ್ಕೆ ಮತ್ತೆ ಗಂಜಿ ತುಂಬಿ ಅವರ ಬಾಯಿಗೆ ಹಿಡಿದೆ.