ತಗಡು ಹೊಡೆದ ಬಾಗಿಲು

ಲಾಯದಕ್ಕನಿಗೆ ಮನುಷ್ಯಜಾತಿಯ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಗಂಡ ತೀರಿಕೊಂಡ ಮರುವಾರವೇ ಅವನ ಬಕೆಟ್ಟು, ಬ್ರಷ್ಷು ಹಿಡಿದು ಕುದುರೆ ಸಾಕುವ ಆ ಫಾರ್ಮಿಗೆ ಕೆಲಸಕ್ಕೆ ಬಂದವಳು, ಇಪ್ಪತ್ತಾರು ವರ್ಷದಲ್ಲಿ ಏಳು ಮ್ಯಾನೇಜರುಗಳನ್ನು ಕಂಡಿದ್ದಳು. ಏಳು ಜನಕ್ಕೂ ಕುದುರೆಯ ಮುಂದುಗಡೆ ಯಾವುದೆಂದಷ್ಟೇ ಗೊತ್ತಿತ್ತು. ಎಂಟನೆಯವನಿಗೆ ಅದೂ ಅನುಮಾನವೇ.

ಮರಿಗಳಿಗೆ ಹಾಲು ಬಿಡಿಸುವುದರಲ್ಲಿ ಅಕ್ಕನದೊಂದು ಕ್ರಮವಿತ್ತು. ಮರಿಗಳನ್ನೆಲ್ಲ ಒಟ್ಟಿಗಿಟ್ಟು, ತಾಯಂದಿರನ್ನು ಎರಡು ದಿನಕ್ಕೊಂದರಂತೆ ದೂರದ ಲಾಯಕ್ಕೆ ಸಾಗಿಸುವುದು. ಮರಿಗಳ ನಡುವೆ ಗೊಡ್ಡಾದ ಮುದಿ ಕುದುರೆಯೊಂದನ್ನು ಬಿಡುವುದು. ಹಾಲಿಲ್ಲದಿದ್ದರೇನು, ದೊಡ್ಡದೊಂದು ನೆಮ್ಮದಿಯಾಗಿ ಹುಲ್ಲು ತಿನ್ನುವುದನ್ನು ಕಂಡರೆ ಚಿಕ್ಕವೂ ಬಾಯಿ ಹಾಕುತ್ತಿದ್ದವು. ಹೊಸ ಮ್ಯಾನೇಜರ್ ಇದನ್ನು ಕೇಳಿ ನಕ್ಕ. ಅವನ ಬಳಿ ಚಾರ್ಟ್ ಇತ್ತು. ಅದರ ಪ್ರಕಾರ ಒಂದೇ ಬೆಳಿಗ್ಗೆ ತಾಯಂದಿರೆಲ್ಲ ಲಾರಿಗೆ, ಐದೂ ಮರಿಗಳು ಒಂದೊಂದು ಕೋಣೆಗೆ. ಮುಗಿಯಿತು.

ಮೂರು ದಿನ ಕಿವಿ ಕಿತ್ತುಹೋಗುವಷ್ಟು ಕೆನೆತ. ಮಹಾಶಯ ಗಂಟೆಗಂಟೆಗೂ ಕೆನೆತ ಎಣಿಸಿ ಚಾರ್ಟಿನಲ್ಲಿ ಗೀಟೆಳೆದ. ನಾಲ್ಕನೆಯ ದಿನ ಬಿಳಿಗಾಲಿನ ಹೆಣ್ಣುಮರಿಯ ಕೋಣೆ ತಣ್ಣಗಾದಾಗ ಅವನ ಮುಖ ಊರಗಲವಾಯಿತು.

"ನೋಡಿದ್ರಾ ಅಕ್ಕಾ, ತಾಯಿನ ಮರೆತೇಬಿಡ್ತು!"

"ಮರೆತಿಲ್ಲ ಸಾರ್, ಗಂಟಲು ಬಿದ್ದುಹೋಗಿದೆ. ಹುಲ್ಲೂ ಮುಟ್ಟಿಲ್ಲ. ಬಾಗಿಲು ನೋಡಿ."

ಬಾಗಿಲಿನ ಅಂಚಿನ ತುಂಬ ಹಲ್ಲಿನ ಗುರುತು. ಮರಿ ಮರವನ್ನು ಕಚ್ಚಿ ಹಿಡಿದು ಗುಟುಕು ಗುಟುಕಾಗಿ ಗಾಳಿ ನುಂಗುತ್ತಿತ್ತು. ಈ ಚಟ ಅಂಟಿಕೊಂಡರೆ ಸಾಯುವ ತನಕ ಬಿಡುವುದು ಕಷ್ಟ, ಅಂಥ ಕುದುರೆಯನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಮ್ಯಾನೇಜರ್ ಬಡಗಿಯನ್ನು ಕರೆಸಿ ಐದೂ ಕೋಣೆಗಳ ಬಾಗಿಲಂಚಿಗೆ ತಗಡು ಹೊಡೆಸಿದ. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕುವ ಬುದ್ಧಿವಂತಿಕೆ!

ಅವನು ಊಟಕ್ಕೆ ಹೋದದ್ದೇ ತಡ, ಕೆಲಸ ಹೋದರೆ ಹೋಗಲಿ ಎಂದು ಅಕ್ಕ ಗೊಡ್ಡು ಕುದುರೆಯನ್ನು ತಂದು ಮರಿಯ ಜೊತೆ ಬಿಟ್ಟಳು. ಅದು ಮರಿಯನ್ನೊಮ್ಮೆ ಮೂಸಿ, ತನ್ನ ಪಾಡಿಗೆ ಹುಲ್ಲಿಗೆ ಬಾಯಿ ಹಾಕಿತು. ಸಂಜೆಯ ಹೊತ್ತಿಗೆ ಮರಿಯೂ ಅದರ ಮಗ್ಗುಲಲ್ಲಿ ನಿಂತು ಎರಡು ಎಸಳು ಜಗಿಯಿತು. ಅಕ್ಕನ ಕಣ್ಣು ತುಂಬಿತು.

"ತಗಡು ಕೆಲಸ ಮಾಡ್ತು!" ಬಾಗಿಲಲ್ಲಿ ಮ್ಯಾನೇಜರ್ ಕುಣಿಯುವುದೊಂದು ಬಾಕಿ. "ಅದ್ಸರಿ, ಈ ಗೊಡ್ಡಿಗೆ ಇಲ್ಲೇನು ಕೆಲಸ? ನಾಳೆ ಲಾರಿ ಬರುತ್ತೆ, ಹತ್ತಿಸಿ ಕಳಿಸ್ಬಿಡಿ."

ಅಕ್ಕನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮರಿಯ ದವಡೆ ಇನ್ನೂ ಆಡುತ್ತಿತ್ತು. ಅದನ್ನು ನೋಡುತ್ತ ಆಕೆ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಮ್ಯಾನೇಜರನೊಬ್ಬನನ್ನು ಹೊಗಳಿದಳು.

"ಎಂಥಾ ತಲೆ ಸಾರ್ ನಿಮ್ದು! ನಮಗೆಲ್ಲ ಎಲ್ಲಿ ಹೊಳೀಬೇಕು? ಆದ್ರೆ ಮರಿ ತಗಡು ಕಿತ್ತುಹಾಕಿದ್ರೆ? ಅದನ್ನ ಕಾಯೋಕೆ ಈ ಗೊಡ್ಡು ಇರ್ಲಿ. ಐದೂ ಮರಿನ ಇದರ ಜೊತೇಲೇ ಬಿಟ್ಟುಬಿಡೋಣ."

ಮ್ಯಾನೇಜರ್ ಗಂಭೀರವಾಗಿ ತಲೆದೂಗಿ ಚಾರ್ಟಿನಲ್ಲಿ ಬರೆದುಕೊಂಡ: ಐದು ತಗಡಿಗೆ ಒಂದು ಗೊಡ್ಡು ಕುದುರೆ, ಕಾಯಂ.

ಅಕ್ಕ ನಲ್ಲಿಯ ಬಳಿ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ ಉಗುಳಿದಳು.