ಐಸಿಯುನಲ್ಲಿ ಹಾಸಿಗೆ ಇಲ್ಲದ ದಿನ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೈದರಾಬಾದಿನ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯೆಯಾಗಿದ್ದೆ. ಆಂಧ್ರದ ಮೂಲೆಮೂಲೆಯಿಂದ, ಬೀದರ್, ಗುಲ್ಬರ್ಗಾ ಕಡೆಯಿಂದಲೂ ಸ್ಕೋಲಿಯೋಸಿಸ್ ಇರುವ ಮಕ್ಕಳು ಬರುತ್ತಿದ್ದರು. ಇದರಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಡೊಂಕು ಬೇಗ ಹೆಚ್ಚುತ್ತದೆ. ಆದರೂ ಆಪರೇಷನ್ನಿಗೆ ವರ್ಷಕ್ಕೂ ಮಿಕ್ಕಿ ಕಾಯಬೇಕಿತ್ತು.

ಸರ್ಜನ್ನರಿದ್ದರು, ಥಿಯೇಟರ್ ಇತ್ತು. ಆದರೆ ಆಪರೇಷನ್ ಆದ ಪ್ರತಿ ಮಗುವನ್ನೂ ಐಸಿಯುನಲ್ಲೇ ಇಡುವುದು ರೂಢಿ. ಮಗು ಉಪವಾಸವಿದ್ದು ಸಿದ್ಧವಾಗುವಷ್ಟರಲ್ಲಿ ರಸ್ತೆ ಅಪಘಾತದವರು ಯಾರೋ ಆ ಹಾಸಿಗೆಗೆ ಬಂದಿರುತ್ತಿದ್ದರು. ಮಗುವನ್ನೇ ಮನೆಗೆ ಕಳಿಸುತ್ತಿದ್ದೆವು.

ಹಾಗೆ ಮೂರು ಸಲ ಹಿಂದಿರುಗಿದವಳು ಹದಿಮೂರರ ಸಾವಿತ್ರಿ. ತಂದೆಗೆ ರೈಲ್ವೆ ಕೆಲಸ, ಮಲ್ಕಾಜ್‌ಗಿರಿಯಲ್ಲಿ ಮನೆ. ಮೂರನೆಯ ಸಲ ಸುದ್ದಿ ಹೇಳಿದಾಗ, ನನ್ನ ತೆಲುಗಿನಲ್ಲಿ ಬೆರೆತ ಕನ್ನಡ ಕೇಳಿ ಅವಳ ತಾಯಿ ತೆಲುಗು ಬಿಟ್ಟು ಕನ್ನಡದಲ್ಲೇ ಮಾತಾಡಿದರು.

"ನಾವು ಎಷ್ಟರೆ ಕಾಯ್ತೀವ್ರಿ ಡಾಕ್ಟರ್ರ. ಆಕಿ ಬೆನ್ನು ಕಾಯಂಗಿಲ್ಲಲ್ರಿ. ಯುಗಾದಿಗೆ ಹೊಲಿಸಿದ ಜಂಪರ್ ಈಗ ಒಂದ ಕಡಿ ಏರಾಕತ್ತೈತಿ."

ಹೊಸ ಎಕ್ಸ್‌ರೇ ಅದನ್ನೇ ಹೇಳಿತು. ಅಂದೇ ಸರ್ಜನ್ ಡಾ. ರಂಗಾರಾವ್ ಅವರ ಕೋಣೆಗೆ ಹೋದೆ.

"ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಆಪರೇಷನ್ ಮುಗಿದೊಡನೆ ಥಿಯೇಟರಿನಲ್ಲೇ ತಾವಾಗಿ ಉಸಿರಾಡುತ್ತಾರೆ, ಸರ್. ಅವರಿಗೆ ವೆಂಟಿಲೇಟರ್ ಬೇಡ, ಪಕ್ಕದಲ್ಲೇ ಕೂತು ನೋಡುವ ನರ್ಸ್ ಸಾಕು. ಥಿಯೇಟರ್ ಪಕ್ಕದ ರಿಕವರಿ ರೂಮ್ ಇದೆಯಲ್ಲ, ರಾತ್ರಿ ಅಲ್ಲೇ ಇಟ್ಟುಕೊಳ್ಳಬಹುದಲ್ಲ?"

"ಏನಾದರೂ ಆದರೆ?"

"ಮೊದಮೊದಲು ನಾನೇ ಇರುತ್ತೇನೆ."

ಅವರು ಒಪ್ಪಿದರು. ಶ್ವಾಸಕೋಶ ದುರ್ಬಲವಾಗಿರುವ ಮಕ್ಕಳು ಮಾತ್ರ ಐಸಿಯುಗೆ ಎಂದು ನಿರ್ಧರಿಸಿದೆವು. ಹಲವು ವಾರ ಬೇಡಿಕೊಂಡ ಮೇಲೆ, ಐಸಿಯುನಲ್ಲಿ ಪಳಗಿದ ಇಬ್ಬರು ನರ್ಸ್‌ಗಳು ಸಿಕ್ಕರು. ಮೊದಲ ಸರದಿ ಸಾವಿತ್ರಿಯದು.

ಆ ಬೆಳಿಗ್ಗೆಯೂ ಐಸಿಯು ಭರ್ತಿ. ಈ ಸಲ ನಾವು ನಿಲ್ಲಿಸಲಿಲ್ಲ.

ಬೆನ್ನಿಗೆ ರಾಡ್ ಕೂರಿಸಿದ ಮೇಲೆ ನರಗಳಿಗೆ ಪೆಟ್ಟಾಗಿಲ್ಲವೆಂದು ತಿಳಿಯಲು, ಆಗ ಮಗುವನ್ನು ನಡುವೆಯೇ ಅರೆಎಚ್ಚರಗೊಳಿಸುತ್ತಿದ್ದೆವು. ಹಿಂದಿನ ದಿನ ಅವಳಿಗೆ ಎಲ್ಲವನ್ನೂ ಹೇಳಿ ಅಭ್ಯಾಸ ಮಾಡಿಸಿದ್ದೆ. ಔಷಧ ಇಳಿಸಿ, ಕಿವಿಯ ಹತ್ತಿರ ಬಾಗಿದೆ.

"ಸಾವಿತ್ರಿ, ನನ್ನ ಕೈ ಹಿಚುಕವ್ವ."

ಹಿಚುಕಿದಳು.

"ಈಗ ಕಾಲು ಅಲ್ಲಾಡಸು."

ಬಲಗಾಲು ಅಲ್ಲಾಡಿತು. ಎಡಗಾಲು ಇಲ್ಲ. ರಂಗಾರಾವ್ ಮುಖವೆತ್ತಿ ನನ್ನನ್ನು ನೋಡಿದರು. ಔಷಧದ ಮಂಪರು ಇನ್ನಷ್ಟು ಇಳಿಯಲಿ ಎಂದು ಕಾದು, ಮತ್ತೆ ಕೇಳಿದೆ. "ಎಡಗಾಲವ್ವ, ಎಡಗಾಲು."

ಮೊದಲು ಹೆಬ್ಬೆರಳು ಕದಲಿತು, ಆಮೇಲೆ ಇಡೀ ಪಾದ. ಯಾರೋ ಜೋರಾಗಿ ಉಸಿರು ಬಿಟ್ಟರು, ನಾನೇ ಇರಬೇಕು.

ಆಪರೇಷನ್ ಮುಗಿಸಿ ಹೊರಗೆ ಬಂದಾಗ ತಾಯಿ ಎದ್ದು ಬಂದರು. "ಕಾಲು ಆಡಾಕತ್ತಾವೇನ್ರಿ?"

"ಎರಡೂ ಆಡಾಕತ್ತಾವ್ರಿ. ತಾನ ಉಸಿರಾಡಾಕತ್ತಾಳ."

ಆ ರಾತ್ರಿ ನಾನು ರಿಕವರಿ ರೂಮಿನಲ್ಲೇ ಇದ್ದೆ. ಮರುದಿನ ಬೆಳಿಗ್ಗೆ ಮುಖ ತೊಳೆದು ಬಂದಾಗ, ಸಾವಿತ್ರಿ ಚಹಾ ಬೇಕೆಂದು ನರ್ಸ್ ಜೊತೆ ತಕರಾರು ಮಾಡುತ್ತಿದ್ದಳು.

ಆಮೇಲೆ ಬಂದ ಮಕ್ಕಳಿಗೆ ಅಷ್ಟೊಂದು ಕಾಯುವುದು ತಪ್ಪಿತು. ವರ್ಷದ ಮಾತು ಕ್ರಮೇಣ ತಿಂಗಳುಗಳ ಮಾತಾಯಿತು. ನಾವು ಒಂದೇ ಒಂದು ಹೊಸ ಐಸಿಯು ಹಾಸಿಗೆಯನ್ನೂ ತರಿಸಿರಲಿಲ್ಲ. ನಿವೃತ್ತಿಯವರೆಗೆ, "ಹಾಸಿಗೆ ಇಲ್ಲ" ಎಂದು ಯಾರೇ ಬಂದು ಹೇಳಿದರೂ ನಾನು ಕೇಳುತ್ತಿದ್ದುದು ಒಂದೇ: ಈ ಮಗುವಿಗೆ ಬೇಕಾಗಿರುವುದು ಯಾವ ಹಾಸಿಗೆ?