ಬೆಲ್ಟು ಮತ್ತು ಅವ್ವನ ತೊಡೆ

ಅಣ್ಣ ಹೊಸ ಗಾಡಿ ಕೊಳ್ಳುವ ಮೊದಲು ಅದರ ಅಪಘಾತ ಪರೀಕ್ಷೆಯ ವರದಿಯನ್ನು ನನ್ನಿಂದ ಓದಿಸಿದ್ದ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಆದ್ದರಿಂದ ಔಷಧದ ಚೀಟಿಯಿಂದ ಹಿಡಿದು ಪಂಪ್‌ಸೆಟ್ಟಿನ ಕೈಪಿಡಿಯವರೆಗೆ ಎಲ್ಲವೂ ನನ್ನ ಬಳಿಗೇ ಬರುತ್ತವೆ. ನಾನು ಹೇಳಿದ್ದು ತಪ್ಪಾದರೆ ಎಂಬ ಅಳುಕೂ ಅವುಗಳ ಜೊತೆಗೇ ಬರುತ್ತದೆ. ನಿಡೋಣಿಯಲ್ಲಿರುವ ನಮ್ಮ ದ್ರಾಕ್ಷಿ ತೋಟದ ದಾರಿ ಎರೆಮಣ್ಣಿನದು. ಮಳೆಯಾದರೆ ನಾಲ್ಕೂ ಗಾಲಿಗಳು ಎಳೆಯುವ ಗಾಡಿಯೇ ಬೇಕು. ಬ್ಯಾಟರಿಯಿಂದಲೂ ಓಡುವ ಹೈಬ್ರಿಡ್ ಆದರೆ ಪೆಟ್ರೋಲು ಉಳಿಯುತ್ತದೆ ಎಂಬುದು ಅವನ ವಿಚಾರವಾಗಿತ್ತು. ಆದರೆ ಪರೀಕ್ಷೆಯ ವಿಡಿಯೊದಲ್ಲಿ ಆ ಗಾಡಿ ಅಡ್ಡಗೋಡೆಗೆ ಗುದ್ದಿ ಮೂತಿ ಮುದ್ದೆಯಾದದ್ದನ್ನು ಕಂಡು ಗಾಬರಿಯಾದ.

"ಇಷ್ಟು ರೊಕ್ಕಾ ಕೊಟ್ಟು ಮಾರಿ ಮುರಕೊಳ್ಳೋ ಗಾಡಿ ತರ್ಲೇನು?"

ಮೂತಿ ಮುದ್ದೆಯಾಗುವುದೇ ಅದರ ಗುಣವೆಂದೂ, ಪೆಟ್ಟನ್ನು ತಾನು ಉಂಡು ಒಳಗಿನವರನ್ನು ಉಳಿಸುತ್ತದೆಂದೂ, ಗುದ್ದಿದ ಕ್ಷಣವೇ ಬ್ಯಾಟರಿಯ ವಿದ್ಯುತ್ ಕಡಿದುಹೋಗುತ್ತದೆಂದೂ ವಿವರಿಸಿದೆ. ಒಳಗಿನವರು ಬೆಲ್ಟು ಹಾಕಿರಬೇಕು ಎಂಬುದನ್ನೂ ಸೇರಿಸಿದೆ. ಅವನು ನನ್ನ ಮಾತು ನಂಬಿ ಗಾಡಿ ತಂದ.

ಜೋರಾಪುರ ಪೇಟೆಯ ಗಂಡನ ಮನೆಯಲ್ಲಿ ನನ್ನ ಏಳನೆಯ ತಿಂಗಳ ಕುಬಸ ಮುಗಿದ ಮರುದಿನ, ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯಲು ಅವ್ವ ಮತ್ತು ಅಣ್ಣ ಅದೇ ಗಾಡಿಯಲ್ಲಿ ಬಂದರು. ಹತ್ತಲು ಎತ್ತರವಾಗುತ್ತದೆಂದು ಅತ್ತೆಯವರು ಸ್ಟೂಲು ತಂದಿಟ್ಟರು. ಬಾಗಿಲು ತೆರೆದಾಗ ಅವ್ವ ಹಿಂದಿನ ಸೀಟಿನ ಉದ್ದಕ್ಕೂ ಕೌದಿ ಹಾಸಿ, ಅದರ ಒಂದು ತುದಿಗೆ ಕುಳಿತು ತನ್ನ ತೊಡೆ ತಟ್ಟುತ್ತಿದ್ದಳು.

"ಬಾ, ಇಲ್ಲಿ ತಲಿ ಇಟ್ಟು ಮಲ್ಕೋ. ನಮ್ಮವ್ವ ನನ್ನ ಹಿಂಗ ಚಕ್ಕಡ್ಯಾಗ ಮಲಗಿಸ್ಕೊಂಡು ಕರಕೊಂಡು ಹೋಗಿದ್ಳು."

ನನಗೂ ಬೇಕಾಗಿದ್ದುದು ಅದೇ. ಕುಬಸಕ್ಕೆ ಬಂದವರಿಗೆಲ್ಲ ಬಾಗಿ ನಮಸ್ಕರಿಸಿ ಸೊಂಟ ಸೋತಿತ್ತು. ಮದುವೆಯಾದ ಮೇಲೆ ಆ ತೊಡೆಯ ಮೇಲೆ ಮಲಗಿರಲೇ ಇಲ್ಲ. ಆದರೆ ಬೆಲ್ಟಿಲ್ಲದೆ ಹಿಂದೆ ಕೂರಿಸಿದ ಆಳೆತ್ತರದ ಗೊಂಬೆಯೊಂದು ಮುಂದಿನ ಸೀಟಿಗೆ ಅಪ್ಪಳಿಸಿದ್ದನ್ನು ನಾನು ಇಂಥದೇ ಇನ್ನೊಂದು ಪರೀಕ್ಷೆಯ ವಿಡಿಯೊದಲ್ಲಿ ನೋಡಿದ್ದೆ. ಮಲಗಿದರೆ ಕೂಸಿಗೆ ಏನಾದೀತೋ ಎಂದು ನಾನು ಹೆದರಿದ್ದೆ. ಬೆಲ್ಟು ಕಟ್ಟಿದರೆ ಏನಾದೀತೋ ಎಂದು ಅವ್ವ ಹೆದರಿದ್ದಳು.

"ಬ್ಯಾಡ ಬೇ ಯವ್ವಾ. ಬೆಲ್ಟ್ ಹಾಕ್ಕೊಂಡು ಕುಂತ ಬರ್ತೀನಿ."

"ತುಂಬಿದ ಹೊಟ್ಟಿಗೆ ಪಟ್ಟಿ ಬಿಗಿತೀಯೇನ? ಬುದ್ಧಿ ಐತೋ ಇಲ್ಲೋ ನಿನಗ?"

ಪರೀಕ್ಷೆಯಲ್ಲಿ ಮನುಷ್ಯರಂಥ ಗೊಂಬೆಗಳನ್ನು ಕೂರಿಸುತ್ತಾರೆ, ಎದೆಗೆ, ಕುತ್ತಿಗೆಗೆ ಎಷ್ಟು ಪೆಟ್ಟಾಯಿತೆಂದು ಅಳೆಯುತ್ತಾರೆ ಎಂದು ನಾನು ಆದಷ್ಟು ಕ್ರಮವಾಗಿ ಹೇಳಿದೆ. ಅವ್ವ ಪೂರ್ತಿ ಕೇಳಿದಳು.

"ಆ ಗೊಂಬಿಯೊಳಗ ಬಸುರಿ ಗೊಂಬಿ ಒಂದರ ಇತ್ತೇನು?"

ನಾನು ಓದಿದ ವರದಿಯಲ್ಲಿ ದೊಡ್ಡವರ ಗೊಂಬೆಗಳಿದ್ದವು, ಮಕ್ಕಳ ಗೊಂಬೆಗಳಿದ್ದವು. ಬಸುರಿಯದು ಇರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇರಲಿಲ್ಲವೆಂದೆ.

ಅಣ್ಣ ಸ್ಟಿಯರಿಂಗ್ ಹಿಡಿದೇ ನಕ್ಕ. "ಕಾಲೇಜಿನ್ಯಾಗ ಒಮ್ಮಿನೂ ಫೇಲ್ ಆಗದಾಕಿನ್ನ ಬಾಗಲದಾಗ ಫೇಲ್ ಮಾಡಿದಿ ನೋಡ್ ಬೇ."

"ಗೊಂಬಿ ಇರ್ಲಿಲ್ಲ ಖರೆ," ಎಂದೆ ನಾನು. "ಆದ್ರ ಡಾಕ್ಟರ್ ಬಾಯಾರ್ನ ಕೇಳೇನಿ. ಹೊಟ್ಟಿ ಮ್ಯಾಲಲ್ಲ, ಹೊಟ್ಟಿ ಕೆಳಗ ಹಾಕ್ಕೋ ಅಂದಾರ."

"ಕೆಳಗಂದ್ರ ಎಲ್ಲಿ? ನನಗ ತೋರ್ಸು."

ಹತ್ತಿ ಕುಳಿತು ತೋರಿಸಿದೆ. ಅವ್ವ ಕೌದಿಯನ್ನು ಮಡಚಿ ಬದಿಗಿಟ್ಟು, ಸೀರೆಯ ನೆರಿಗೆ ಸರಿಪಡಿಸಿ, ಪಟ್ಟಿಯನ್ನು ಸೊಂಟದ ಎಲುಬಿನ ಮೇಲೆ ತಾನೇ ಕೂರಿಸಿದಳು. ಮೇಲಿನ ಪಟ್ಟಿಯನ್ನು ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಸರಿಸಿದಳು. ಒತ್ತುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದಳು. ತಾನು ಮಾತ್ರ ಹಾಕಿಕೊಳ್ಳಲಿಲ್ಲ. "ನಾ ಏನ್ ಬಸುರಿ ಅದೀನೇನು?" ಎಂದುಬಿಟ್ಟಳು.

ದಾರಿಯಲ್ಲಿ ತಿಕೋಟಾದ ಚಿಗವ್ವನ ಮನೆಗೆ ಹೋದರೆ ಅವಳು ಊಟ ಹಾಕದೆ ಕಳಿಸಲಿಲ್ಲ. ಅಲ್ಲಿಂದ ಬಬಲೇಶ್ವರದ ಕಡೆ ಹೊರಟ ಸ್ವಲ್ಪ ಹೊತ್ತಿಗೆ ಜಾಲಿಕಂಟಿಯ ಮರೆಯಿಂದ ಎಮ್ಮೆಯೊಂದು ರಸ್ತೆಗೆ ಬಂತು. ಅಣ್ಣ ಒಮ್ಮೆಲೇ ಬ್ರೇಕು ಒತ್ತಿದ. ಪಟ್ಟಿ ನನ್ನನ್ನು ಸೀಟಿಗೆ ಹಿಡಿದು ನಿಲ್ಲಿಸಿತು. ಅವ್ವ ಸೀಟಿನಿಂದ ಜಾರಿ, ಮುಂದಿನ ಸೀಟಿನ ಬೆನ್ನಿಗೆ ಭುಜ ತಾಕಿಸಿಕೊಂಡು ಕಾಲಿಡುವ ಜಾಗದಲ್ಲಿ ಕುಸಿದಳು. ಎಮ್ಮೆ ನಮ್ಮ ಕಡೆ ನೋಡದೆ ದಾಟಿಹೋಯಿತು.

ಅವ್ವ ಎದ್ದು ಕೂರಲಿಲ್ಲ. ಅಲ್ಲಿಂದಲೇ ಎರಡೂ ಅಂಗೈಗಳನ್ನು ನನ್ನ ಹೊಟ್ಟೆಯ ಮೇಲಿಟ್ಟಳು. ಅಣ್ಣ ಗಾಡಿಯನ್ನು ಬದಿಗೆ ನಿಲ್ಲಿಸಿ ತಿರುಗಿ ನೋಡಿದ. ನಾನು ಕಾದೆ. ಆಮೇಲೆ ಎಡಪಕ್ಕೆಯ ಕೆಳಗೆ ಕೂಸು ಒದೆಯಿತು. ನನಗೆ ತಿಳಿದಾಗಲೇ ಅವ್ವನ ಅಂಗೈಗೂ ತಿಳಿಯಿತು.

"ಒದ್ತು," ಎಂದಳು. ಕಣ್ಣು ತುಂಬಿದ್ದವು. "ಸಿಟ್ಟು ಬಂದೈತಿ, ಸೋದರಮಾವನ ಮ್ಯಾಲ."

"ಎಮ್ಮಿ ಮ್ಯಾಲ ಸಿಟ್ಟು ಬರ್ಲಿ ಬೇ, ನಾ ಏನ್ ಮಾಡೀನಿ?" ಎಂದ ಅಣ್ಣ.

ಅವ್ವನ ಭುಜ ಮುಟ್ಟಿದೆ. ನೋವಾಗಿಲ್ಲವೆಂದಳು, ಆದರೆ ಮುಖ ಕಿವಿಚಿದಳು.

"ನೀನೂ ಬೆಲ್ಟ್ ಹಾಕ್ಕೋ ಬೇ. ನಿನಗೇನರ ಆದ್ರ ನನ್ನ ಬಾಣಂತನ ಯಾರ್ ಮಾಡ್ತಾರ? ನನಗ ಕೂಸಿಗೆ ನೀರು ಎರಿಯಾಕೂ ಬರೂದಿಲ್ಲ, ಅದನ್ನ ಹಿಡಿಯಾಕೂ ಬರೂದಿಲ್ಲ. ಭಾಳ ಅಂಜಿಕಿ ಆಕೈತಿ."

ಅಷ್ಟು ದಿನ ಯಾರಿಗೂ ಹೇಳದಿದ್ದ ಮಾತದು. ಅವ್ವ ನನ್ನನ್ನೇ ನೋಡಿದಳು. ಮೇಲೆದ್ದು ಸೀಟಿನಲ್ಲಿ ಕುಳಿತು, ತನ್ನ ಬದಿಯ ಪಟ್ಟಿಯನ್ನು ಜಗ್ಗಿದಳು. ಅದು ಬಿಗಿದು ನಿಂತಿತು. ಸಾವಕಾಶ ಎಳೆದರೆ ಬಿಡುತ್ತದೆಂದೆ. ಸಾವಕಾಶ ಎಳೆದು ಹಾಕಿಕೊಂಡಳು.

ಗಾಡಿ ಸದ್ದಿಲ್ಲದೆ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವ್ವ ನನ್ನ ಕಡೆ ವಾಲಿದಳು, ಪಟ್ಟಿ ಅಡ್ಡಿಯಾಗದಷ್ಟು ಸಾವಕಾಶವಾಗಿ. ನನ್ನ ಕೈಯನ್ನು ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬಬಲೇಶ್ವರ ಬರುವಷ್ಟರಲ್ಲಿ ನಾನು ಕುಳಿತಲ್ಲಿಯೇ ನಿದ್ದೆ ಹೋಗಿದ್ದೆ.